ಬೆರಳಿಟ್ಟರೆ ಮ್ಯಾಜಿಕ್

ದೊಡ್ಡಬಳ್ಳಾಪುರದ ತನ್ನ ಮನೆಯಲ್ಲಿ ಇನ್ನು ಮೇಲೆ ಬೀಗದಕೈ ಎಂಬ ಪದಾರ್ಥವೇ ಇರಕೂಡದು ಎಂದು ಜಯಕುಮಾರ್ ಘೋಷಿಸಿಬಿಟ್ಟ! ಬಾಗಿಲಿಗೆ ತಂದ ಹೊಸ ಬೀಗದ ಡಬ್ಬದ ಮೇಲೆ ‘ಬೆರಳಿಟ್ಟರೆ ಮ್ಯಾಜಿಕ್’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು.

“ಬೀಗ ತೆಗೆಯೋದ್ರಲ್ಲಿ ಮ್ಯಾಜಿಕ್ ಏನ್ರೀ ಬಂತು?” ಎಂದಳು ಹೆಂಡತಿ ಪ್ರಮೋದಾ.

“ಕಂಪನಿಯೋರು ಸುಮ್‌ಸುಮ್ನೆ ಬರೀತಾರಾ? ನಿಂಗೆ ಗೊತ್ತಾಗಲ್ಲ ಬಿಡು.”

ಅವನ ಬೆರಳನ್ನು ಬೀಗ ಒಂದೇ ಸಲಕ್ಕೆ ಒಪ್ಪಿಕೊಂಡಿತು. ಅವಳದನ್ನು ಒಂಬತ್ತನೇ ಸಲಕ್ಕೆ, ಅದೂ ಒಲ್ಲದ ಮನಸ್ಸಿನಿಂದ. ತುರ್ತಿಗೆಂದು ಕೊಟ್ಟಿದ್ದ ಒಂದೇ ಬೀಗದಕೈಯನ್ನು ಜಯಕುಮಾರ್ ಭದ್ರವಾಗಿ ಬೀರುವಿನಲ್ಲಿಟ್ಟ. ಬೀರು ಮನೆಯೊಳಗಿದೆ ಎಂಬುದು ಆ ಮಹಾಶಯನಿಗೆ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಪ್ರಮೋದಾ ಎಂದಿನಂತೆ ಮಗ್ಗದ ಶೆಡ್ಡಿನಿಂದ ಓಡಿಬಂದಳು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಅತ್ತೆ ಮುತ್ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟಕ್ಕೆ ಕಾಯುತ್ತಿದ್ದರು. ಹೊತ್ತು ಮೀರಿದರೆ ಮೈಯ ಸಕ್ಕರೆ ತೀರಾ ಇಳಿದು ಅವರ ಪ್ರಾಣಕ್ಕೇ ಸಂಚಕಾರ. ಪ್ರಮೋದಾ ಬೆರಳಿಟ್ಟಳು. ಕೆಂಪು ದೀಪ. ಸೆರಗಿಗೆ ಒರೆಸಿ ಇಟ್ಟಳು. ಕೆಂಪು ದೀಪ. ಐದನೇ ಸಲಕ್ಕೆ ಬೀಗ, ಕಳ್ಳಿ ಬಂದಳೆಂದು ಊಳಿಡತೊಡಗಿತು! ಅಕ್ಕಪಕ್ಕದವರು ಹೆಗಲು ಕೊಟ್ಟು ನೂಕಿದರೂ ತೇಗದ ಬಾಗಿಲು ಜಗ್ಗಲಿಲ್ಲ.

“ಬೆರಳು ಸರಿಯಾಗಿಡು ಕಣೇ,” ಎಂದ ಜಯಕುಮಾರ್, ದಾಬಸ್‌ಪೇಟೆಯ ಗೋಡೌನಿನಿಂದ ಫೋನಿನಲ್ಲಿ.

“ಹತ್ತೂ ಬೆರಳಿಟ್ಟಾಯ್ತು. ಇನ್ನು ಕಾಲಿಂದು ಇಡ್ಲಾ? ಅತ್ತೆ ಮಾತು ತೊದಲ್ತಿದೆ, ಬೇಗ ಬನ್ನಿ.”

ಅವನು ಫೋನು ಜೇಬಿಗೆ ತುರುಕಿ ಓಡಿದ. ಬೈಕಿನಲ್ಲಿ ಒಂದು ಗಂಟೆಯ ದಾರಿ. ಉದ್ದಕ್ಕೂ ಕಂಪನಿಯನ್ನೂ, ಮ್ಯಾಜಿಕ್ಕನ್ನೂ, ಆ ಅಕ್ಷರ ಬರೆದವನನ್ನೂ ಬೈದ. ಅಮ್ಮ ಆ ಬಾಗಿಲ ಹಿಂದೆಯೇ ತೀರಿಹೋದರೆ? ಅವನಿಗೆ ಅಳು ಬಂತು.

ಬಂದು ನೋಡಿದರೆ ಪ್ರಮೋದಾ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಹಾಸಿಗೆಯತ್ತ ಪಕ್ಕದ ಮನೆಯಿಂದ ತಂದ ಬೆಲ್ಲದ ಚೂರು ಎಸೆಯುತ್ತಿದ್ದಳು. ಒಂದು ಚೂರು ಅತ್ತೆಯ ಹಣೆಗೇ ಬಡಿಯಿತು.

“ಹೊಡೀತೀಯೇನೇ ನನ್ನ?”

“ಬೆಲ್ಲ ಅತ್ತೆ, ಬಾಯಿಗೆ ಹಾಕ್ಕೊಳ್ಳಿ.”

ಜಯಕುಮಾರ್ ಬೆರಳಿಟ್ಟ. ಬಾಗಿಲು ಟಕ್ಕೆಂದು ತೆರೆಯಿತು.

ಊಟ ಹೊಟ್ಟೆಗೆ ಬಿದ್ದ ಮೇಲೆ ಮುತ್ತಮ್ಮ ಸುಧಾರಿಸಿಕೊಂಡರು. ಜಯಕುಮಾರ್ ಕಂಪನಿಗೆ ಫೋನು ಮಾಡಿ, ತನ್ನ ಗುಡುಗಿಗೆ ಕಂಪನಿ ನಡುಗುವುದು ಮನೆಮಂದಿಗೂ ಕೇಳಲೆಂದು ಸ್ಪೀಕರ್ ಹಾಕಿದ.

“ಏನ್ರೀ ನಿಮ್ ಮ್ಯಾಜಿಕ್ಕು? ಮನೆಯೊಡತಿಗೇ ಬಾಗಿಲು ತೆಗೆಯಲ್ವಲ್ಲ?”

“ಮೇಡಂ ಏನ್ ಕೆಲಸ ಮಾಡ್ತಾರೆ ಸರ್?” ಎಂದಳು ಆ ಕಡೆಯ ಹುಡುಗಿ.

“ಹದಿನೈದು ವರ್ಷದಿಂದ ಮಗ್ಗದಲ್ಲಿ ದಾರ ಗಂಟು ಹಾಕ್ತಾಳೆ. ಮನೇಲಿ ಪಾತ್ರೆ, ಬಟ್ಟೆ, ಎಲ್ಲಾ ಅವಳೇ.”

“ಹಂಗಾದ್ರೆ ಬೆರಳಿನ ಗೆರೆ ಸವೆದೋಗಿರುತ್ತೆ ಸರ್.”

ಜಯಕುಮಾರ್ ಹೆಂಡತಿಯ ಕೈ ಹಿಡಿದು ನೋಡಿದ. ಬೆರಳ ತುದಿಗಳಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಇಷ್ಟು ವರ್ಷ ನೋಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಫೋನು ಮುಂದುವರಿಸಿತು: “ಮನೇಲಿ ಕೆಲಸ ಮಾಡ್ದೇ ಇರೋರು ಯಾರಾದ್ರೂ ಇದ್ರೆ ಅವರ ಬೆರಳು ಹಾಕ್ಸಿ ಸರ್.”

ಹಾಸಿಗೆಯಿಂದ ಮುತ್ತಮ್ಮ ಹೇಳಿದರು:

“ಅದ್ನ ಮೊದ್ಲೇ ಹಾಕ್ಸವ್ನೆ ಕಣವ್ವ.”