ಮೇಣಪ್ಪನ ಕೆಂಪು ದೀಪ

ಎರಡು ನಿಮಿಷದ ಕೆಲಸಕ್ಕೆ ಮೂರು ಜನ ಸಹಾಯ ಮಾಡಿದ್ದೇ ಎಡವಟ್ಟಾಯಿತು.

ಪ್ರಯೋಗಾಲಯದವರೆಲ್ಲ ಮೇಣಪ್ಪನೆಂದೇ ಕರೆಯುತ್ತಿದ್ದ ಅವನು ಸೋಸುವ ಕಾಗದದ ಮೇಲೆ ಮೇಣದ ಗೆರೆ ಮುದ್ರಿಸಿ ನೀರಿಗೆ ಕೂದಲಗಲದ ಕಾಲುವೆ ಮಾಡುತ್ತಿದ್ದ. ಕಾಲುವೆಯ ತುದಿಗೆ ಬೆಳ್ಳಿ ಶಾಯಿಯ ತಂತಿ, ಗುಂಡಿಯಷ್ಟು ಬ್ಯಾಟರಿ, ಸಾಸಿವೆಯಷ್ಟು ಕೆಂಪು ದೀಪ. ಕೆಟ್ಟ ನೀರಿನ ಹನಿ ಬಿದ್ದರೆ ದೀಪ ಹೊತ್ತಬೇಕು, ಒಳ್ಳೆಯ ನೀರಿಗೆ ತೆಪ್ಪಗಿರಬೇಕು. ಮಧ್ಯಾಹ್ನ ದೊಡ್ಡ ಮೇಡಂ ಪರೀಕ್ಷೆಗೆ ಬರುವವರಿದ್ದರು. ದೀಪ ಕೈಕೊಟ್ಟರೆ ಮೇಣಪ್ಪ ಮೊದಲಿದ್ದ ಉಗ್ರಾಣಕ್ಕೇ ವಾಪಸು.

ಮುದ್ರಿಸಿದ ಹಾಳೆಗಳನ್ನು ಬಿಸಿ ತಟ್ಟೆಯ ಮೇಲೆ ಎರಡೇ ನಿಮಿಷ ಇಟ್ಟರೆ ಮೇಣ ಕಾಗದದೊಳಗೆ ಇಳಿಯುತ್ತದೆ. ಮೇಣಪ್ಪ ಹಾಗೇ ಇಟ್ಟು ತೆಗೆದು, ಹೆಂಡತಿಯ ಫೋನು ಬಂತೆಂದು ಆಚೆ ಹೋದ. ಪಾಪ, ಮರೆತಿದ್ದಾನೆ ಎಂದುಕೊಂಡು ಪಕ್ಕದ ಮೇಜಿನ ಅಕ್ಕ ಇನ್ನೆರಡು ನಿಮಿಷ ಇಟ್ಟಳು. ಅವಳು ಅತ್ತ ಹೋದಮೇಲೆ ಬೆಸುಗೆಯಣ್ಣ. ಆಮೇಲೆ ಕಾವಲಿನ ಮಾವ. ಮೇಣಪ್ಪ ಬಂದು ನೋಡಿದರೆ ಕಾಲುವೆಗಳೆಲ್ಲ ಮುಚ್ಚಿ, ಹಾಳೆಗಳು ಎಣ್ಣೆ ಹೀರಿದ ಹಪ್ಪಳದಂತಿದ್ದವು. ಮತ್ತೆ ಮುದ್ರಿಸೋಣವೆಂದರೆ ಮೇಣವೂ ಮುಗಿದಿತ್ತು.

"ಒಳ್ಳೇದಾಗ್ಲಿ ಅಂತ ಮಾಡಿದ್ದು ಕಣೋ," ಎಂದಳು ಅಕ್ಕ.

ಅವನು ಕುರ್ಚಿಯಲ್ಲಿ ಕುಸಿದಾಗ ಎದುರಿಗೆ ಗಾಜು ತೊಳೆಯುವ ಅಜ್ಜಿ ಮೂಲೆಯ ಫಿಲ್ಟರ್ ಯಂತ್ರದಿಂದ ಕುಡಿಯಲು ಹಿಡಿದಿಟ್ಟಿದ್ದ ನೀರಿನ ಲೋಟ ಕಂಡಿತು. ಅದರ ಮೇಲೆ ಮುಚ್ಚಳವಾಗಿ ಮೇಣ ಮುದ್ರಿಸಿದ ಒಂದು ಹಾಳೆ, ಬಿಸಿ ತಾಗದ್ದು.

"ಬೆಳಿಗ್ಗೆ ಬಿದ್ದಿತ್ತಪ್ಪ, ತಗೊಂಡೆ. ಈ ನೀರಿನ ಮೇಲೆ ನಂಗೆ ಮೊದಲೇ ನಂಬಿಕೆ ಇಲ್ಲ, ಧೂಳಾದ್ರೂ ಬೀಳದಿರ್ಲಿ ಅಂತ," ಎಂದಳು ಅಜ್ಜಿ.

ಹಸುಗೂಸಿಗೆ ನೀರೆರೆಯುವಷ್ಟು ಜೋಪಾನವಾಗಿ ಅದನ್ನು ಕಾಯಿಸಿ, ತಂತಿ ಬರೆದು, ದೀಪ ಅಂಟಿಸಿದ. ಕತ್ತರಿಸಿದಾಗ ಎರಡು ಪಟ್ಟಿಗಳಾದವು. ಮೂವರು ಸಹಾಯಕರನ್ನೂ ಬಾಗಿಲಾಚೆ ನಿಲ್ಲಿಸಿದ್ದ.

ಮೇಡಂ ತಂದಿದ್ದ ಚರಂಡಿ ನೀರಿನ ಹನಿ ಮೊದಲ ಪಟ್ಟಿಯ ಮೇಲೆ ಬಿತ್ತು. ಹನಿ ಮೆಲ್ಲಗೆ ತೆವಳಿತು. ದೀಪ ಹೊತ್ತಿತು. ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಮೇಣಪ್ಪ ಆಗ ಬಿಟ್ಟ.

"ಈಗ ಒಳ್ಳೇ ನೀರು ಹಾಕಿ ನೋಡೋಣ," ಎನ್ನುತ್ತ ಮೇಡಂ ಅಜ್ಜಿಯ ಲೋಟಕ್ಕೆ ಕೈಹಾಕಿದರು.

ಎರಡನೆಯ ದೀಪ ಮೊದಲನೆಯದಕ್ಕಿಂತ ಜೋರಾಗಿ ಹೊತ್ತಿತು.

"ಪಟ್ಟಿ ಕೆಟ್ಟಿದೆ," ಎಂದು ಅಕ್ಕ ಬಾಗಿಲಾಚೆಯಿಂದ ಪಿಸುಗುಟ್ಟಿದಳು. ಮೇಡಂ ಮೂಲೆಯ ಫಿಲ್ಟರ್ ಯಂತ್ರದ ಮುಚ್ಚಳ ತೆಗೆದರು. ಒಳಗಿನ ಫಿಲ್ಟರು ಕೆಸರಿನ ಮುದ್ದೆಯಾಗಿತ್ತು. ಪಕ್ಕದಲ್ಲಿ ನೇತಾಡುತ್ತಿದ್ದ ಕಾರ್ಡಿನಲ್ಲಿ ಪ್ರತಿ ತಿಂಗಳೂ 'ಬದಲಿಸಿದೆ' ಎಂಬ ಮುದ್ದಾದ ಬರಹ. ಕೆಳಗೆ ಮೇಣಪ್ಪನ ರುಜು. ಉಗ್ರಾಣ ಬಿಟ್ಟರೂ ಆ ಕೆಲಸ ಅವನದೇ ಆಗಿತ್ತು.

"ನಿಮ್ಮ ಕಾಗದ ಸುಳ್ಳು ಹೇಳಲ್ಲ," ಎಂದರು ಮೇಡಂ. "ಈ ಕಾರ್ಡು ಹೇಳತ್ತೆ."

ಸಂಜೆಗೆ ಮೇಣಪ್ಪ ಉಗ್ರಾಣದಲ್ಲಿದ್ದ. ಅವನೇ ಬಿಚ್ಚದೆ ಇಟ್ಟಿದ್ದ ಹೊಸ ಫಿಲ್ಟರುಗಳ ಡಬ್ಬದ ಮೇಲೆ ಕೂತು ನೆಮ್ಮದಿಯಾಗಿ ಕಾಲು ಚಾಚಿದ. ದೀಪವಂತೂ ಹೊತ್ತಿತಲ್ಲ. ಇಲ್ಲಿ ಬಿಸಿ ತಟ್ಟೆಯೂ ಇಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಮೂವರೂ ನಿಂತಿದ್ದರು, ಸಹಾಯ ಮಾಡಲು.