ಅಕ್ಕ ತಪ್ಪಿಸಿದ ಕೈದಿ

ನಮ್ಮಕ್ಕ ಜೈಲು ಮುರಿದು ಬಂದ ಕೈದಿಯೊಬ್ಬನನ್ನು ಇದುವರೆಗೆ ಹನ್ನೊಂದು ಸಲ ಪೊಲೀಸರ ಕೈಯಿಂದ ತಪ್ಪಿಸಿದ್ದಾಳೆ. ಅದೂ ಜಂಗಮಕೋಟೆಯ ತನ್ನ ಮನೆಯಲ್ಲಿ, ಚಾಪೆಯ ಮೇಲೆ ಕೂತು, ಹುರಿದ ಕಡಲೆಕಾಯಿ ತಿನ್ನುತ್ತಾ! ನಂಬುವುದಿಲ್ಲವೇ? ನಾನು ಅವಳ ತಮ್ಮ, ಕಣ್ಣಾರೆ ಕಂಡವನು.

ಕೈದಿ ಟೀವಿಯವನು. ಯಾವುದೋ ದೇಶದ ಜೈಲಿನ ಗೋಡೆ ಹಾರಿ, ಸುಳ್ಳು ಹೆಸರಿನ ಪಾಸ್‌ಪೋರ್ಟು ಹಿಡಿದು ನಮ್ಮ ದೇಶಕ್ಕೆ ಬಂದಿದ್ದಾನೆ. ಸಮುದ್ರದ ಪಕ್ಕದ ಗಲ್ಲಿಯೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡು ಹೊಸದಾಗಿ ಬದುಕುತ್ತಿದ್ದಾನೆ. ಹಿಂದೆಯೇ ಪೊಲೀಸರು. ಧಾರಾವಾಹಿ ತೆಲುಗಿಗೆ ಡಬ್ ಆದದ್ದು. ಆಂಧ್ರದ ಗಡಿಯ ನಮ್ಮ ಕಡೆಯವರಿಗೆ ಅದೇನು ತೊಂದರೆ? ನಮ್ಮಕ್ಕ ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಅಳುವವಳು.

ಅವನಿಗೆ ಅವಳಿಟ್ಟ ಹೆಸರು ಬಿಳಿಯಪ್ಪ. ಪೊಲೀಸ್ ಜೀಪು ಗಲ್ಲಿಯ ಬಾಯಿಗೆ ಬಂತೋ, “ಪಾರಿಪೋ ನಾಯನಾ, ಓಡೋಗು!” ಎಂದು ಕೂಗಿ, ರಿಮೋಟು ಎತ್ತಿ ಟಕ್ ಅಂತ ಟೀವಿ ಆರಿಸಿಬಿಡುತ್ತಾಳೆ.

“ಏನೇ ಇದು! ಸಿಕ್ಕಿದ್ನೋ ಇಲ್ವೋ ನೋಡೋದು ಬೇಡ್ವಾ?” ಎಂದು ಭಾವ ಗೋಳಾಡುತ್ತಾರೆ.

“ಟೀವೀನೇ ಆರ್ಸಿದ್ಮೇಲೆ ಹೆಂಗ್ರೀ ಹಿಡೀತಾರೆ? ಕತ್ಲಲ್ಲಿ ಅವರಿಗೇನು ಕಾಣ್ಸುತ್ತೆ?”

ಈ ವಾದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು! ಮರುದಿನದ ಕಂತಿನಲ್ಲಿ ಬಿಳಿಯಪ್ಪ ಆರಾಮಾಗಿ ಸ್ಕ್ರೂ ತಿರುಗಿಸುತ್ತಿದ್ದರೆ, ತಾನೇ ಜಾಮೀನು ಕೊಡಿಸಿದವಳ ಹಾಗೆ ಗಂಡನ ಕಡೆ ನೋಡುತ್ತಾಳೆ.

ನಾನು ಗೌರಿಬಿದನೂರಿನಿಂದ ಬಸ್ಸು ಬದಲಿಸಿಕೊಂಡು ಅಲ್ಲಿಗೆ ಹೋಗುವುದು ಧಾರಾವಾಹಿ ನೋಡಲಿಕ್ಕಲ್ಲ. ಅಕ್ಕನಿಗೆ ಒಂದು ಮಾತು ಹೇಳಬೇಕು. ಇಪ್ಪತ್ತೆರಡು ವರ್ಷದಿಂದ ಹೇಳಬೇಕು. ಬಾಯಿ ತೆರೆಯುವ ಹೊತ್ತಿಗೆ ಪ್ರತಿ ಸಲವೂ ಬಿಳಿಯಪ್ಪನ ಹಿಂದೆ ಜೀಪು ಬರುತ್ತದೆ, ಇಲ್ಲವೇ ಇನ್ನೇನೋ ಆಗುತ್ತದೆ.

ಒಂದು ಬೆಳಿಗ್ಗೆಯಂತೂ ಗಟ್ಟಿ ಮನಸ್ಸು ಮಾಡಿ, “ಅಕ್ಕಾ” ಅಂದೆ. ಅಷ್ಟರಲ್ಲಿ ಬಾಗಿಲಲ್ಲಿ ಖಾಕಿ ಅಂಗಿ. ಕರೆಂಟಿನ ಮೀಟರ್ ಓದುವವರು. “ಮನೇಲಿ ಯಾರ್ಯಾರಿದ್ದೀರಮ್ಮ?” ಎಂದರು.

“ಯಾರೂ ಇಲ್ಲ! ಇಲ್ಲಿಗ್ಯಾರೂ ಬಂದಿಲ್ಲ!” ಎಂದಳು ಅಕ್ಕ ಒಂದೇ ಉಸಿರಿಗೆ.

ಅವಳ ಹಿಂದೆಯೇ ಭಾವ ಮುದ್ದೆ ಮುರಿಯುತ್ತಾ ಕೂತಿದ್ದರು. “ಮತ್ತೆ ಅವರು?” ಎಂದರು ಮೀಟರಿನವರು.

“ಅವರಾ? ಆಟಕ್ಕುಂಟು ಲೆಕ್ಕಕ್ಕಿಲ್ಲ. ನೀವು ಮೀಟರ್ ನೋಡ್ಕೊಳ್ಳಪ್ಪ!”

ಭಾವ ನಕ್ಕರು, ಮೀಟರಿನವರೂ ನಕ್ಕರು. ನಾನು ನನ್ನ ಮಾತನ್ನು ಮುದ್ದೆಯ ಜೊತೆಗೇ ನುಂಗಿ ವಾಪಸ್ಸು ಬಸ್ಸು ಹತ್ತಿದೆ.

ಆ ಮಾತೇನೆಂದು ನಿಮಗಾದರೂ ಹೇಳಿಬಿಡುತ್ತೇನೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಮನೆಯಲ್ಲಿ ರೇಷ್ಮೆ ಹುಳು ನೋಡಿಕೊಳ್ಳುತ್ತಿದ್ದವನು. ಈ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಕದಲದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಹೊಸದಾಗಿ ಏಳುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನನಗೆ ಹದಿನೆಂಟಾಗಿದ್ದಾಗ, ಹುಳು ನಾಲ್ಕನೇ ಜ್ವರ ಎದ್ದ ದಿನ, ಹುಳುವಿನ ಮನೆಯೊಳಗೇ ಕದ್ದು ಬೀಡಿ ಸೇದಿದೆ. ಅದೇ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಿದೆ. ಹೊಗೆಸೊಪ್ಪು ಹುಳುವಿಗೆ ವಿಷವೆಂದು ಗೊತ್ತಿದ್ದೂ ಹಾಕಿದೆ. ಸಂಜೆಗೆ ತಟ್ಟೆ ತಟ್ಟೆಯ ಹುಳುವೂ ಹಸಿರು ಕಕ್ಕಿಕೊಂಡು ಸತ್ತಿತ್ತು.

“ಯಾರು ಒಳಗೋಗಿದ್ದೋರು?” ಎಂದು ಅಪ್ಪ ಕೇಳಿದರು. ನಾನು ಅಕ್ಕನ ಕಡೆ ನೋಡಿದೆ. ಸುಳ್ಳು ಹೇಳಲಿಲ್ಲ, ನೋಡಿದೆ ಅಷ್ಟೇ. ಅಷ್ಟು ಸಾಕಾಯಿತು. ಅವಳ ಕೈಗುಣ ಸರಿಯಿಲ್ಲ ಎಂದರು ಅಪ್ಪ, ಊರೆಲ್ಲ ಅದನ್ನೇ ಆಡಿತು. ಅಪ್ಪ ಮತ್ತೆಂದೂ ಅವಳನ್ನು ಹುಳುವಿನ ಮನೆಗೆ ಬಿಡಲಿಲ್ಲ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದೆಯೇ ತೀರಿಕೊಂಡರು. ನಾನು ವಾರದೊಳಗೆ ಗೌರಿಬಿದನೂರಿಗೆ ಓಡಿ ಪಂಕ್ಚರ್ ಅಂಗಡಿ ಸೇರಿದೆ. ಹೊಸ ಬದುಕು! ಸುಳ್ಳು ಪಾಸ್‌ಪೋರ್ಟೊಂದು ಇರಲಿಲ್ಲ, ಅಷ್ಟೇ.

ಗಂಡನ ಮನೆಗೆ ಬಂದ ಮೇಲೆ ಅಕ್ಕ ಅದೇ ಕೈಯಲ್ಲಿ ಬೆಳೆಯ ಮೇಲೆ ಬೆಳೆ ತೆಗೆದಳು. ನಾನು ಅವಳ ಹುಳುವಿನ ಮನೆಯ ಹೊಸಿಲು ಮಾತ್ರ ತುಳಿದವನಲ್ಲ. ಕರೆದರೆ, “ಕೈಯೆಲ್ಲಾ ಗ್ರೀಸು ಕಣಕ್ಕ” ಎನ್ನುತ್ತಿದ್ದೆ. ಭಾನುವಾರವೂ ಗ್ರೀಸೇ! ಅವಳು ಒಮ್ಮೆಯೂ ಕೆದಕಲಿಲ್ಲ.

ಹೋದ ವಾರ ಮಧ್ಯಾಹ್ನ ಹೋದಾಗ ಬಿಳಿಯಪ್ಪ ಅಂಗಡಿಯ ಅಟ್ಟದಲ್ಲಿ ಅವಿತಿದ್ದ. ಮೂರು ಕಂತಿನಿಂದ ಅಲ್ಲೇ.

“ಏನೂ ನಡೀತಾನೇ ಇಲ್ವಲ್ಲೇ!” ಎಂದರು ಭಾವ.

“ಜ್ವರಕ್ಕೆ ಕೂತವ್ನೆ, ಸುಮ್ನಿರ್ರೀ. ಈಗ ಅಲ್ಲಾಡ್ಸಿದ್ರೆ ಚರ್ಮ ಹರ್ದೋಗುತ್ತೆ. ಏಳೋ ಹೊತ್ಗೆ ತಾನೇ ಏಳ್ತಾನೆ.”

ಭಾವ ಬೇಸತ್ತು ಸಂಜೆಯ ಸೊಪ್ಪು ತರಲು ತೋಟಕ್ಕೆ ಹೋದರು. ಮನೆಯಲ್ಲಿ ನಾವಿಬ್ಬರೇ. ಟೀವಿಯಲ್ಲಿ ಟೀಪುಡಿಯ ಜಾಹೀರಾತು. ಇನ್ನು ತಡೆಯಲಾಗಲಿಲ್ಲ.

“ಅಕ್ಕಾ, ಅವತ್ತು ನಮ್ಮನೇಲಿ ಹುಳು ಸತ್ತಿದ್ದು…”

ಅಕ್ಕ ರಿಮೋಟು ಎತ್ತಿಕೊಂಡಳು. ಜಾಹೀರಾತಿನಲ್ಲಿ ಪೊಲೀಸರೆಲ್ಲಿಂದ ಬಂದರು ಎಂದು ನಾನು ಟೀವಿಯ ಕಡೆ ತಿರುಗಿದೆ. ಯಾರೂ ಇರಲಿಲ್ಲ. ಅವಳು ರಿಮೋಟನ್ನು ನೇರ ನನ್ನ ಮುಖಕ್ಕೆ ಹಿಡಿದು ಒತ್ತಿದಳು.

ಟಕ್.

ನಾನು ಆರಿಹೋದೆ. ಹುಳು ಯಾಕೆ ಸತ್ತಿತೆಂಬ ಮಾತು ಬಾಯಲ್ಲೇ ಉಳಿಯಿತು.

“ನಾಲ್ಕನೇ ಜ್ವರ ಎದ್ದವೆ. ಒಳಗೋಗಿ ಸೊಪ್ಪು ಹಾಕ್ಬಾ,” ಎಂದಳು.

“ನಾನಾ? ಕೈ ಗ್ರೀಸು…”

“ಸೋಪು ಐತೆ ಬಚ್ಚಲಲ್ಲಿ.”

ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದೆ. ಹೊಸಿಲಿಗೆ ಕಾಲಿಡಬೇಕು, ಹಿಂದಿನಿಂದ “ಲೋ, ನಿಂತ್ಕೋ” ಎಂದಳು. ಹತ್ತಿರ ಬಂದು, ನಲವತ್ತು ವರ್ಷದ ನನ್ನ ಗಲ್ಲ ಹಿಡಿದು, “ಬಾಯಿ ತೆಗಿ” ಎಂದಳು. ತೆಗೆದೆ. ಬಗ್ಗಿ ಮೂಸಿ ನೋಡಿದಳು.

“ಬೀಡಿ ವಾಸ್ನೆ ಇಲ್ಲ. ಹೋಗಪ್ಪ, ಹಸ್ಕೊಂಡವೆ.”