ಖಾಲಿ ಕುರ್ಚಿಯ ಅಧ್ಯಕ್ಷತೆಯಲ್ಲಿ

ಅಮೆರಿಕದ ಮಿಶಿಗನ್‌ನಲ್ಲಿರೋ ನೋವೈ ಅನ್ನೋ ಊರಿನ ನಮ್ಮ ಪುಟ್ಟ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ. ಬೇರೆ ಸಂಘಗಳಲ್ಲಿ ಜಗಳ ಆಗುತ್ತೆ, ಇಲ್ಲ ಊಟ ಕಡಿಮೆ ಬೀಳುತ್ತೆ. ನಮ್ಮಲ್ಲಿ ಆಗೋದನ್ನ ಹೊರಗೆ ಹೇಳೋ ಹಾಗೇ ಇಲ್ಲ. ಹೇಳಿದ್ರೆ ಮುಂದಿನ ಸಲ ಒಬ್ಬರೂ ಬರಲ್ಲ.

1. ಮುಗಿಯದ ಸಭೆ

ಸಂಘ ಕಟ್ಟಿದ ಅಂಕಲ್ ಬೆಂಗಳೂರಿನ ಶಾಸನಸಭೆಯಲ್ಲಿ ಗುಮಾಸ್ತರಾಗಿದ್ದವರು. ಬ್ರಿಟಿಷರ ಕಾಲದ ಸಭಾ ನಿಯಮಗಳನ್ನು ಇದ್ದ ಹಾಗೇ ನಮ್ಮ ಸಂಘಕ್ಕೂ ಇಳಿಸಿಬಿಟ್ಟರು. ಮಾತೆಲ್ಲ ಅಧ್ಯಕ್ಷರ ಕುರ್ಚಿಗೇ ಹೇಳಬೇಕು. ಮತ ಹಾಕೋ ಮುಂಚೆ ಗಂಟೆ ಬಾರಿಸಿ ಬಾಗಿಲು ಹಾಕಬೇಕು. ಅಧ್ಯಕ್ಷರು "ಸಭೆ ಮುಗಿಯಿತು" ಅನ್ನೋವರೆಗೂ ಸಭೆ ಮುಗಿಯಲ್ಲ.

ಮೂರು ವರ್ಷದ ಹಿಂದೆ ನಮ್ಮ ಬಡಾವಣೆಯ ಕ್ಲಬ್‌ಹೌಸಲ್ಲಿ ಯುಗಾದಿ ಊಟದ ಚರ್ಚೆ ಕಾವೇರಿದ್ದಾಗ, ಅಧ್ಯಕ್ಷರಾಗಿದ್ದ ಅಂಕಲ್ ಕೂತಲ್ಲೇ ಕಣ್ಣು ಮುಚ್ಚಿದರು. ಮುಗಿಯಿತು ಅನ್ನಲೇ ಇಲ್ಲ. ಅಧ್ಯಕ್ಷರು ತೀರಿಕೊಂಡರೆ ಏನು ಅಂತ ಪುಸ್ತಕದಲ್ಲಿ ಒಂದಕ್ಷರವೂ ಇಲ್ಲ. ಹಾಗಾಗಿ ಕಾಗದದ ಪ್ರಕಾರ ಆ ಸಭೆ ಇನ್ನೂ ನಡೀತಾನೇ ಇದೆ, ನಾವೆಲ್ಲ ಮೂರು ವರ್ಷದಿಂದ ಕಾಫಿ ವಿರಾಮದಲ್ಲಿದ್ದೀವಿ.

2. ಬೆಚ್ಚಗಿನ ಕುರ್ಚಿ

ಹುಬ್ಬಳ್ಳಿಯವರೊಬ್ಬರು ಹೊಸದಾಗಿ ಸದಸ್ಯರಾದರು. ಜನವರಿ, ಹೊರಗೆ ಮೈನಸ್ ಹದಿನೈದು ಡಿಗ್ರಿ. ಹೀಟರ್ ಕೆಟ್ಟು ಎಲ್ಲರೂ ಕೋಟಲ್ಲೇ ನಡುಗುತ್ತಿದ್ದೆವು. ಪಾಪ, ಗೊತ್ತಿಲ್ಲದೆ ಅವರು ಅಂಕಲ್ ಹೋದಾಗಿನಿಂದ ಖಾಲಿ ಬಿಟ್ಟಿದ್ದ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ಕೂತವರೇ ದಡಕ್ಕನೆ ಎದ್ದರು.

"ಕುರ್ಚಿ ಬೆಚ್ಚಗ ಐತಲ್ರೀ! ಈಗ ಯಾರ್ ಕುಂತಿದ್ರು ಇಲ್ಲಿ?"

ಅಂಕಲ್ ಹೆಂಡತಿ, ನಮ್ಮ ಆಂಟಿ, ಮೆಲ್ಲಗೆ ಹೇಳಿದರು: "ಹೀಟರ್ ಕೆಟ್ಟಿದೆಯಲ್ಲ, ಅದಕ್ಕೇ ನಮ್ಮನೆಯವರು ಇನ್ನೂ ಎದ್ದಿಲ್ಲ."

3. ಗಂಟೆ ಆದಮೇಲೆ

ಕ್ಲಬ್‌ಹೌಸಲ್ಲಿ ಭಾನುವಾರ ಮಧ್ಯಾಹ್ನ ಮಕ್ಕಳ ಕನ್ನಡ ಕ್ಲಾಸ್. ಅದನ್ನು ನಿಲ್ಲಿಸಿ ಟೇಬಲ್ ಟೆನಿಸ್ ಇಡಬೇಕು ಅಂತ ನಮ್ಮ ಉಪಾಧ್ಯಕ್ಷರ ಹಟ. "ಆರೇ ಮಕ್ಕಳಿಗೆ ಕ್ಲಾಸ್ ಯಾಕೆ, ಅಧ್ಯಕ್ಷರೇ?" ಅಂತ ಖಾಲಿ ಕುರ್ಚಿಯನ್ನು ಕೇಳಿದರು. ಆ ಆರರಲ್ಲಿ ನನ್ನ ಮಗಳೂ ಒಬ್ಬಳು. ಏನು ಕೇಳಿದರೂ ಇಂಗ್ಲಿಷಲ್ಲೇ ಉತ್ತರ ಕೊಡೋಳು, ಹೋದ ವಾರ ತಾನಾಗೇ ಫೋನ್ ತಗೊಂಡು "ಅಜ್ಜಿ, ಊಟ ಆಯ್ತಾ?" ಅಂದಿದ್ದಳು. ನಮ್ಮಮ್ಮ ಅತ್ತುಬಿಟ್ಟರು.

ಗಂಟೆ ಬಾರಿಸಿದೆ, ಬಾಗಿಲು ಹಾಕಿದೆ. ಇದ್ದವರು ಆರು ಜನ.

"ಕ್ಲಾಸ್ ನಿಲ್ಲಿಸಬೇಕು ಅನ್ನೋರು?"

"ಹೌದು." ಮೂರು ದನಿ.

"ಬೇಡ ಅನ್ನೋರು?"

ನಾನು, ಆಂಟಿ, ಹುಬ್ಬಳ್ಳಿಯವರು "ಇಲ್ಲ" ಅಂದೆವು. ಆಮೇಲೆ ಕುರ್ಚಿಯ ಕಡೆಯಿಂದ ಒಂದು ಕೆಮ್ಮು. ಅದರ ಹಿಂದೆಯೇ, ನಶ್ಯ ಹಾಕಿದ ಮೂಗಿನ, ಅಂಕಲ್‌ರ ಅದೇ ಹಳೆ ದನಿ: "ಇಲ್ಲ."

ನಾನು ಬರೆದುಕೊಂಡೆ: ಹೌದು ಮೂರು, ಇಲ್ಲ ನಾಲ್ಕು.

ಉಪಾಧ್ಯಕ್ಷರ ಮುಖ ಬಿಳಿಚಿಕೊಂಡಿತ್ತು. ಆದರೂ ಬಿಡಬೇಕಲ್ಲ ಆಸಾಮಿ! ಮೇಜು ಹಿಡಿದುಕೊಂಡು ಎದ್ದರು. "ಅಧ್ಯಕ್ಷರೇ, ಇದು ನಿಯಮಬಾಹಿರ! ಬಾಗಿಲು ಹಾಕಿದ ಮೇಲೆ ಒಳಗೆ ಬಂದವರ ಮತ ಲೆಕ್ಕಕ್ಕಿಲ್ಲ!"

ಆಂಟಿ ಶಾಲು ಸರಿಮಾಡಿಕೊಂಡರು.

"ಸಭೆ ಮುಗೀತು ಅಂತ ಅವರಿನ್ನೂ ಹೇಳೇ ಇಲ್ವಲ್ಲಪ್ಪ. ಅವರು ಹೊರಗೆ ಹೋಗಿದ್ದಾದ್ರೂ ಯಾವಾಗ?"